ಅತ್ತೆ, ಟಗರು ಮತ್ತು ಸ್ಪಂಜಿನ ದಾರ

ನನ್ನ ಮಗಳು ಇನ್ನೂ ನೆಟ್ಟಗೆ ಕೂರಲು ಕಲಿಯುತ್ತಿದ್ದ ದಿನಗಳಲ್ಲಿ ನಮ್ಮ ಮನೆಯಲ್ಲಿ ಬಾಣಂತಿ ನಾನೊಬ್ಬಳೇ ಆಗಿರಲಿಲ್ಲ. ಹಿತ್ತಲಿನ ರೊಪ್ಪದಲ್ಲಿ ಒಂದು ಹಿಂಡು ಕುರಿಗಳೂ ಒಂದಾದ ಮೇಲೊಂದು ಮರಿ ಹಾಕಿಕೊಂಡು, ನನ್ನ ಹಾಗೇ ಅರೆಗಣ್ಣು ಮುಚ್ಚಿ ಕೂತಿರುತ್ತಿದ್ದವು. ನನಗೆ ಮೆಣಸಿನ ಸಾರು, ಅವಕ್ಕೆ ರೇಷ್ಮೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ಅಷ್ಟೇ ವ್ಯತ್ಯಾಸ. ಎರಡು ಕಡೆಯ ಉಸ್ತುವಾರಿಯೂ ನಮ್ಮತ್ತೆಯದೇ.

ನಮ್ಮದು ಸಾತನೂರಿನಿಂದ ಒಸಿ ಒಳಗಿರುವ ಊರು. ನನ್ನ ತವರು ಚನ್ನಪಟ್ಟಣ. ಮದುವೆಗೆ ಮುಂಚೆ ಕುರಿಯನ್ನು ನಾನು ಹತ್ತಿರದಿಂದ ನೋಡಿದ್ದು ಊಟದ ಎಲೆಯ ಮೇಲೆ ಮಾತ್ರ. ಈ ಮನೆಗೆ ಬಂದ ಮೇಲೆ ಅದಕ್ಕೊಂದು ಮುಖವಿದೆ, ಆ ಮುಖಕ್ಕೊಂದು ಸಿಡುಕಿದೆ ಅಂತ ಗೊತ್ತಾಯಿತು. ಮಾವ ಒಂದೊಂದು ಕುರಿಯನ್ನೂ ಅದರ ಕೂಗಿನ ಮೇಲೇ ಗುರುತಿಸುತ್ತಿದ್ದರು. ನನ್ನನ್ನು ಮಾತ್ರ ಮೊದಲ ಒಂದು ವರ್ಷ ಹಿಂದಿನಿಂದ ನೋಡಿ ತಮ್ಮ ಮಗಳು ಅಂದುಕೊಂಡೇ ಕರೆಯುತ್ತಿದ್ದರು.

ಮಾವನಿಗಿದ್ದದ್ದು ಒಂದೇ ಕೊರಗು. ನಮ್ಮ ಕುರಿಗಳು ಒಂದು ಹೊತ್ತಿಗೆ ಸೇರಿ ಮರಿ ಹಾಕುತ್ತಿರಲಿಲ್ಲ. ಒಂದು ದೀಪಾವಳಿಗೆ ಹಾಕಿದರೆ ಇನ್ನೊಂದು ಸಂಕ್ರಾಂತಿಗೆ, ಮತ್ತೊಂದು ಯುಗಾದಿ ಕಳೆದ ಮೇಲೆ. ದೊಡ್ಡ ಮರಿಗಳು ಸಣ್ಣವನ್ನು ಗುದ್ದಿ ಆಚೆ ತಳ್ಳಿ ಮೇವೆಲ್ಲ ತಾವೇ ತಿನ್ನುತ್ತಿದ್ದವು. ಮರಿ ಹಾಕಿದ ತಾಯಿಯೋ, ಮತ್ತೆ ಬೆದೆಗೆ ಬರಲು ತಿಂಗಳುಗಟ್ಟಲೆ ಸತಾಯಿಸುತ್ತಿತ್ತು. ಟಗರು ಹತ್ತಿರ ಬಂದರೆ ನೆಗೆದು ಆಚೆ ಹೋಗಿ ಮರಿಯ ಪಕ್ಕ ನಿಂತುಬಿಡುತ್ತಿತ್ತು.

"ಏನ್ ಮಾಡನ, ಇವು ಮನ್ಸು ಮಾಡ್ಬೇಕಲ್ಲ," ಎಂದು ಮಾವ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು.

"ಮಾಡ್ತವೆ ಬುಡಿ. ಅವ್ಕೇನ್ ನಿಮ್ಮಂಗೆ ಆತ್ರವಾ?" ಎಂದು ಅತ್ತೆ ಒಳಗಿನಿಂದಲೇ ಹೇಳುತ್ತಿದ್ದರು.

ಒಂದು ದಿನ ಮಾವ ಸಾತನೂರಿನಲ್ಲಿ ಕುರಿಗಳಿಗೆ ಜಂತುಹುಳದ ಔಷಧಿ ಕುಡಿಸುವ ಕ್ಯಾಂಪಿಗೆ ಹೋಗಿದ್ದರು. ವಾಪಸ್ ಬಂದಾಗ ಅವರ ಮುಖ ನೋಡಬೇಕಿತ್ತು. ಹೊಸದಾಗಿ ಬಂದಿರುವ ಪಶು ಡಾಕ್ಟರಮ್ಮನ ಹತ್ತಿರ ಒಂದು ಉಪಾಯವಿದೆಯಂತೆ. ಹಿಂಡಿಗೆ ಹಿಂಡನ್ನೇ ಒಂದೇ ಸಲ ಬೆದೆಗೆ ತರುತ್ತಾರಂತೆ. ಒಂದೇ ವಾರದಲ್ಲಿ ಎಲ್ಲ ಮರಿಗಳೂ ನೆಲಕ್ಕೆ ಬೀಳುತ್ತವಂತೆ.

"ಎಲ್ಲ ಒಂದೇ ವಾರವಾ?" ಅತ್ತೆ ಕೇಳಿದರು.

"ಊಂ ಕಣೆ, ಎಲ್ಲ."

"ಬಾಣಂತನ ಯಾರ್ ಮಾಡದು?"

ಮಾವನಿಗೆ ಆ ಪ್ರಶ್ನೆ ಕೇಳಿಸಲಿಲ್ಲ.

ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಕಾಲಿಗೆ ಗಂಬೂಟು, ಕೈಗೆ ಮೊಣಕೈವರೆಗೆ ಗ್ಲೌಸು, ಜೊತೆಗೆ ಔಷಧಿ ಇಟ್ಟ ತಂಪು ಡಬ್ಬಿ. ಮಾತು ಮಾತ್ರ ಪಾಠದ ಪುಸ್ತಕದಿಂದ ಎದ್ದು ಬಂದ ಹಾಗಿತ್ತು.

"ಯಜಮಾನರೇ, ಮರಿಯು ಹಾಲು ಕುಡಿಯುತ್ತಿರುವವರೆಗೂ ತಾಯಿಯ ಮೆದುಳು ಬೆದೆಯ ಹಾರ್ಮೋನುಗಳನ್ನು ತಡೆಹಿಡಿದಿರುತ್ತದೆ. ಇದು ಪ್ರಕೃತಿಯ ವ್ಯವಸ್ಥೆ."

"ಅಂಗಂದ್ರೆ?" ಅತ್ತೆ ಕೇಳಿದರು.

"ಅಂದರೆ, ಕೈಯಲ್ಲಿ ಒಂದು ಕೂಸಿರುವಾಗ ಇನ್ನೊಂದು ಈಗಲೇ ಬೇಡ ಎಂದು ಮೈಯೇ ತೀರ್ಮಾನ ಮಾಡುತ್ತದೆ ಅಮ್ಮ."

ಹೆಂಗಸರ ಮುಂದೆ ಈ ಮಾತು ಶುರುವಾದದ್ದೇ ಮಾವ ಹಲಸಿನ ಮರದ ಕಡೆ ಮುಖ ತಿರುಗಿಸಿಕೊಂಡು ನಿಂತರು. ಆಮೇಲೆ ಅವರು ಅವತ್ತೆಲ್ಲ ಮಾತಾಡಿದ್ದು ಆ ಮರದ ಜೊತೆಗೇ.

ಡಾಕ್ಟರಮ್ಮ ಡಬ್ಬಿಯಿಂದ ಹೆಬ್ಬೆರಳಿನಷ್ಟು ದಪ್ಪದ ಒಂದು ಸ್ಪಂಜು ತೆಗೆದು ತೋರಿಸಿದರು. ಅದರ ತುದಿಗೊಂದು ದಾರ. ಸ್ಪಂಜಿನಲ್ಲಿ ಗರ್ಭದ ಹಾರ್ಮೋನಿನ ಔಷಧಿ ಇರುತ್ತದೆ, ಅದನ್ನು ಕುರಿಯ ಒಳಗೆ ಇಡಬೇಕು, ದಾರ ಮಾತ್ರ ಹೊರಗೆ ಇಳಿಬಿದ್ದಿರಬೇಕು. ಎರಡು ವಾರದ ಹತ್ತಿರ ಬಿಟ್ಟು ದಾರ ಎಳೆದು ತೆಗೆದು ಒಂದು ಸೂಜಿ ಚುಚ್ಚಿದರೆ, ಒಂದೆರಡು ದಿನದಲ್ಲಿ ಎಲ್ಲ ಕುರಿಗಳೂ ಒಟ್ಟಿಗೆ ಬೆದೆಗೆ ಬರುತ್ತವೆ. ಅಲ್ಲಿವರೆಗೆ ಟಗರನ್ನು ಅವುಗಳ ಕಣ್ಣಿಗೂ ಮೂಗಿಗೂ ಸಿಗದ ಹಾಗೆ ದೂರ ಕಟ್ಟಬೇಕು. ಮೇವು ತಿನ್ನಲು ಕಲಿತ ಮರಿಗಳನ್ನು ಹಗಲು ಹೊತ್ತು ತಾಯಿಯಿಂದ ಬೇರೆ ಇಡಬೇಕು.

ಅತ್ತೆಯ ಬಾಯಲ್ಲಿ ಸ್ಪಂಜು ಪಂಜು ಆಯಿತು. "ಪಂಜು ಎಷ್ಟು ಒಳಕ್ ಓಯ್ತದೆ?" "ಪಂಜು ಇಟ್ರೆ ನೋಯಾಕಿಲ್ವಾ?" "ದಾರ ಕಿತ್ಕಂಡ್ ಬುಟ್ರೆ ಪಂಜು ಅಲ್ಲೇ ಉಳ್ಕತದಾ?" ಎಂದು ಒಂದರ ಹಿಂದೆ ಒಂದು ಕೇಳಿದರು. ಅಷ್ಟೂ ಪ್ರಶ್ನೆ ಮೂರನೇ ಮನೆಗೆ ಕೇಳಿಸುವ ದನಿಯಲ್ಲಿ.

"ಒಸಿ ಸಣ್ಣಕ್ ಮಾತಾಡೆ," ಎಂದು ಮಾವ ಹಲಸಿನ ಮರಕ್ಕೆ ಹೇಳಿದರು.

"ಕುರಿಗಿಲ್ದಿರೋ ನಾಚ್ಕೆ ನಿಮ್ಗ್ಯಾಕೆ?" ಎಂದರು ಅತ್ತೆ.

ಡಾಕ್ಟರಮ್ಮ ಕುರಿಯ ಹಿಂದೆ ಕೂತು ಸ್ಪಂಜು ಇಡಲು ಶುರು ಮಾಡಿದರು. ಅಷ್ಟರಲ್ಲಿ ನಮ್ಮ ಟಗರು ಹಗ್ಗ ಬಿಚ್ಚಿಕೊಂಡು ಬಂದಿತು. ಅದು ಮಾವನ ಪ್ರಾಣ. ಬಿಳಿ ಮೈ, ಗಿಡ್ಡ ಕಾಲು, ಅಗಲ ಎದೆ, ಕೊರಳಲ್ಲಿ ಗೆಜ್ಜೆ. ಬೆಳಿಗ್ಗೆ ನೆನೆಸಿದ ಹುರುಳಿ, ವಾರಕ್ಕೊಂದು ಬಿಸಿನೀರ ಸ್ನಾನ. ತನ್ನ ಹೆಂಡಿರ ಹಿಂದೆ ಯಾರೋ ಬಗ್ಗಿಕೊಂಡು ಕೂತಿರುವುದು ಅದಕ್ಕೆ ಸರಿಬರಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಹೋಗಿ ಓಡಿ ಬಂದು ಡಾಕ್ಟರಮ್ಮನ ಬೆನ್ನಿಗೆ ಗುಮ್ಮಿತು.

"ಅಯ್ಯಯ್ಯಪ್ಪೋ! ಕಟ್ಟಾಕ್ರೋ ಈ ಮುಂಡೇದ್ನ!" ಎಂದು ಡಾಕ್ಟರಮ್ಮ ಕಿರುಚಿದರು.

ಅತ್ತೆಯ ಮುಖ ಅರಳಿತು. ಬಿದ್ದವರನ್ನು ಎಬ್ಬಿಸುತ್ತಲೇ, "ನಿಮ್ದು ಯಾವ್ ಕಡೆ ಡಾಕ್ಟ್ರಮ್ಮ?" ಎಂದು ಕೇಳಿದರು.

"ತಿಪ್ಪಸಂದ್ರದ ಹತ್ರ ಕಣಮ್ಮ. ನಮ್ಮನೇಲೂ ಕುರಿ ಅವೆ. ಇಂತ ಪುಂಡನ್ನ ಮಾತ್ರ ನಾ ಕಂಡಿಲ್ಲ," ಎಂದು ಡಾಕ್ಟರಮ್ಮ ಸೊಂಟ ಉಜ್ಜಿಕೊಂಡರು. ಪುಸ್ತಕದ ಭಾಷೆ ಆಮೇಲೆ ವಾಪಸ್ ಬರಲಿಲ್ಲ.

ಇಷ್ಟೂ ಹೊತ್ತು ನಾನು ಹಿತ್ತಲ ಜಗುಲಿಯ ಮೇಲೆ ಕೂತು ಮಗಳಿಗೆ ಹಾಲು ಕುಡಿಸುತ್ತಿದ್ದೆ. ಎಲ್ಲವಕ್ಕೂ ಸ್ಪಂಜು ಇಟ್ಟಾದ ಮೇಲೆ ಕಾಫಿ ಕುಡಿಯಲು ಡಾಕ್ಟರಮ್ಮ ನನ್ನ ಪಕ್ಕ ಬಂದು ಕೂತರು. ಅತ್ತೆ ನನ್ನನ್ನೊಮ್ಮೆ ನೋಡಿದರು, ರೊಪ್ಪವನ್ನೊಮ್ಮೆ ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಡಾಕ್ಟ್ರಮ್ಮ, ಈ ಹಾಲು ಕುಡ್ಸೋ ವಿಷ್ಯ, ಕುರಿಗೂ ಮನುಸ್ರಿಗೂ ಒಂದೇಯಾ?"

"ಒಂದು ಮಟ್ಟಕ್ಕೆ ಒಂದೇ ಕಣಮ್ಮ. ಆದ್ರೆ ಮನುಷ್ಯರು ಅದನ್ನೇ ನಂಬ್ಕಂಡು ಕೂರಕಾಗಲ್ಲ."

ಅತ್ತೆಗೆ ಮೊದಲಿನ ಅರ್ಧ ಮಾತ್ರ ಸಾಕಾಗಿತ್ತು.

ಮಾರನೇ ದಿನ ಬೆಳಿಗ್ಗೆ ಮರಿಗಳನ್ನೆಲ್ಲ ಬೇರೆ ದೊಡ್ಡಿಗೆ ಕೂಡಿದ ಅತ್ತೆ, ಅದೇ ಕೈಯಲ್ಲಿ ನನ್ನ ಮಗಳನ್ನೂ ಎತ್ತಿಕೊಂಡರು. "ಕೂಸ್ಗೆ ಒಸಿ ಗಾಳಿ ಬೇಕು. ತೋಟದ್ ಕಡೆ ಓಗ್ ಬತ್ತೀನಿ. ನೀನ್ ಮಲಿಕೊ," ಎಂದರು. ಬಾಣಂತಿಯಾದಾಗಿನಿಂದ ಆ ಮನೆಯಲ್ಲಿ ಹಗಲು ಹೊತ್ತು ಯಾರೂ ನನಗೆ ಮಲಗು ಅಂದಿರಲಿಲ್ಲ. ನಾನು ಸಂತೋಷವಾಗಿ ಮಲಗಿದೆ. ಮಧ್ಯಾಹ್ನವಾದರೂ ಅವರು ಬರಲಿಲ್ಲ. ಬಂದಾಗ ಮಗಳ ಮೂತಿಯೆಲ್ಲ ಹಿಪ್ಪುನೇರಳೆ ಹಣ್ಣಿನ ಬಣ್ಣ, ಹೊಟ್ಟೆ ತುಂಬ ರಾಗಿ ಸರಿ. ನನ್ನ ಎದೆ ಬಿಗಿದು ಕಲ್ಲಾಗಿತ್ತು. ಅವಳಿಗೆ ನನ್ನ ನೆನಪೇ ಇದ್ದ ಹಾಗಿರಲಿಲ್ಲ.

ಇದು ದಿನವೂ ನಡೆಯಿತು. ಅದರ ಜೊತೆಗೆ ಇನ್ನೊಂದೂ ಶುರುವಾಯಿತು. ರೇಷ್ಮೆ ಹುಳು ದೊಡ್ಡದಾಗಿದ್ದರಿಂದ ನಮ್ಮ ಯಜಮಾನರು ಸೊಪ್ಪು ಹಾಕಲು ಹುಳುಮನೆಯಲ್ಲೇ ಮಲಗುತ್ತಿದ್ದರು. ಅತ್ತೆ ಅವರ ಚಾಪೆಯನ್ನು ತಾವೇ ಸುತ್ತಿಕೊಂಡು ಬಂದು ಒಳಗೆ ಹಾಕಿದರು. "ಹುಳ ನಾನ್ ನೋಡ್ಕತೀನಿ. ನೀನ್ ಇನ್ಮ್ಯಾಲೆ ಮನೇಲಿ ಮಲಿಕೊ," ಎಂದರು. ಸಾರಿಗೆ ಮೊಟ್ಟೆ ಬಂತು. ನನಗೆ ಮುಡಿಯಲು ಕನಕಾಂಬರ ಬಂತು.

"ಅವ್ವಂಗೆ ಏನಾಗೈತೆ?" ಎಂದು ಯಜಮಾನರು ಗಾಬರಿಯಿಂದ ಕೇಳಿದರು.

"ಕುರಿ ಡಾಕ್ಟ್ರು ಹೇಳಿದ್ದನ್ನೆಲ್ಲ ನಮ್ಮಿಬ್ಬರ ಮೇಲೆ ಮಾಡ್ತಿದಾರೆ. ಮರೀನ ಬೇರೆ ಇಟ್ಟಾಯ್ತು, ಈಗ ಟಗರನ್ನ ತಂದು ಬಿಟ್ಟಿದಾರೆ," ಎಂದೆ.

ಅವರು ನಗು ತಡೆಯಲು ದಿಂಬಿಗೆ ಮುಖ ಒತ್ತಿಕೊಂಡರು.

ನಾವು ಇಷ್ಟು ಹಗುರವಾಗಿ ನಗುವುದಕ್ಕೆ ಕಾರಣವಿತ್ತು. ಇನ್ನೊಂದು ಮಗುವಿಗೆ ಸ್ವಲ್ಪ ವರ್ಷ ಹೋಗಲಿ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಮೂರು ತಿಂಗಳಿಗೊಮ್ಮೆ ನಾನು ಬಸ್ಸು ಹತ್ತಿ ಕನಕಪುರದ ಆಸ್ಪತ್ರೆಗೆ ಹೋಗಿ ತೋಳಿಗೊಂದು ಸೂಜಿ ಹಾಕಿಸಿಕೊಂಡು ಬರುತ್ತಿದ್ದೆ. ಮನೆಯಲ್ಲಿ ಹೇಳುತ್ತಿದ್ದದ್ದು ಮಗಳಿಗೆ ತೋರಿಸಿಕೊಂಡು ಬರುತ್ತೇನೆ ಅಂತ. ಬರುವಾಗ ಅತ್ತೆಗೆ ಇಷ್ಟವಾದ ದಿಲ್‌ಪಸಂದನ್ನು ಬೇಕರಿಯಿಂದ ಕಟ್ಟಿಸಿಕೊಂಡು ಬರುತ್ತಿದ್ದೆ. ಅದನ್ನು ತಿನ್ನುವಾಗ ಅತ್ತೆ ಬೇರೆ ಏನನ್ನೂ ಕೇಳುತ್ತಿರಲಿಲ್ಲ.

ಸ್ಪಂಜು ತೆಗೆಯುವ ದಿನ ಡಾಕ್ಟರಮ್ಮ ಮತ್ತೆ ಬಂದರು. ಈ ಸಲ ಟಗರು ಹಿತ್ತಲಾಚೆಯ ಹುಣಸೆ ಮರಕ್ಕೆ ಎರಡು ಹಗ್ಗದಲ್ಲಿ ಕಟ್ಟಿಸಿಕೊಂಡು ಮುನಿಸಿನಿಂದ ಒದರುತ್ತಿತ್ತು. ಡಾಕ್ಟರಮ್ಮ ಒಂದೊಂದೇ ದಾರ ಎಳೆಯುತ್ತಾ ಹೋದರು. ಅತ್ತೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು.

"ಅಲ್ಲ ಡಾಕ್ಟ್ರಮ್ಮ, ಇದು ಬೆದೆ ಬರ್ಸೋ ಮದ್ದಾದ್ರೆ, ಇದು ಒಳಗಿರೋವಾಗ್ಲೇ ಯಾಕ್ ಬರ್ಲಿಲ್ಲ?"

"ಒಳಗಿರೋವರ್ಗೂ ಇದು ತಡೀತದೆ ಕಣಮ್ಮ. ಈಗ್ಲೇ ಬ್ಯಾಡ, ತಾಳು ಅಂತದೆ. ಎಲ್ಲವಕ್ಕೂ ತಾಳು ತಾಳು ಅಂತ ಹೇಳಿ, ಒಂದೇ ಸಲ ಬುಟ್ರೆ ಎಲ್ಲ ಒಟ್ಟಿಗೆ ಬತ್ತವೆ."

"ಅಂಗಾದ್ರೆ ಇದು ಬಸ್ರು ತಡಿಯೋ ಮದ್ದು."

"ಒಳಗಿರೋವರ್ಗೆ ಹಂಗೇ."

ಅತ್ತೆ ಈಚೆ ಬಿದ್ದ ಸ್ಪಂಜನ್ನು ಕಡ್ಡಿಯಲ್ಲಿ ತಿರುಗಿಸಿ ನೋಡಿದರು. ಆಮೇಲೆ, "ಮನುಸ್ರಿಗೂ ಐತಾ ಇಂತದ್ದು?" ಎಂದರು.

ನಾನು ಜಗುಲಿಯಿಂದ ಡಾಕ್ಟರಮ್ಮನಿಗೆ ಕಣ್ಣಲ್ಲೇ ಏನಾದರೂ ಹೇಳಬಹುದಾ ಅಂತ ನೋಡಿದೆ. ಅವರು ನನ್ನ ಕಡೆ ತಿರುಗಲೇ ಇಲ್ಲ.

"ಐತೆ ಕಣಮ್ಮ, ಇದೇ ಜಾತಿ ಔಷ್ದಿ. ಮನುಷ್ಯರಿಗೆ ಸೂಜೀಲಿ ಕೊಡ್ತಾರೆ. ಮೂರ್ ತಿಂಗಳಿಗೊಂದ್ಸಲ ತೋಳಿಗೆ ಹಾಕುಸ್ಕಂಡ್ರಾಯ್ತು. ಕನಕಪುರದಲ್ಲೂ ಹಾಕ್ತಾರೆ."

ಅತ್ತೆ ನಿಧಾನವಾಗಿ ಕತ್ತು ತಿರುಗಿಸಿ ನನ್ನನ್ನು ನೋಡಿದರು. ನನಗೆ ಆ ಹೊತ್ತಿಗೆ ಸರಿಯಾಗಿ ಮಗಳ ಮೂಗು ಒರೆಸುವ ಕೆಲಸ ಬಂತು. ಒರೆಸಿದೆ, ಮತ್ತೆ ಒರೆಸಿದೆ. ಮೂಗಿನಲ್ಲಿ ಏನೂ ಇರಲಿಲ್ಲ. ಮಗಳು ಅರಗಿನ ಬಣ್ಣದ ಗಿಲಕಿಯಿಂದ ನನ್ನ ಕೆನ್ನೆಗೆ ಬಾರಿಸಿದಳು. ಮಾರನೇ ದಿನದಿಂದ ಅತ್ತೆ ಮಗಳನ್ನು ತೋಟಕ್ಕೆ ಕರೆದುಕೊಂಡು ಹೋಗುವುದು ನಿಂತಿತು. ಕನಕಾಂಬರವೂ ನಿಂತಿತು.

ಹೊರಡುವಾಗ ಡಾಕ್ಟರಮ್ಮ ಮಾವನಿಗೆ ಒಂದು ಮಾತು ಹೇಳಿದ್ದರು. "ಯಜಮಾನ್ರೇ, ಇಷ್ಟು ಕುರಿ ಒಂದೇ ಸಲ ಬೆದೆಗೆ ಬಂದ್ರೆ ಒಂದು ಟಗರು ಸಾಲದು. ಎಲ್ಲಾದ್ರೂ ಇನ್ನೂ ಒಂದೆರಡು ಹೊಂದುಸ್ಕಳಿ."

ಮಾವ ಮೊದಲ ಸಲ ಹಲಸಿನ ಮರದ ಕಡೆಯಿಂದ ಇತ್ತ ತಿರುಗಿದರು. "ನನ್ ಟಗರು ಸಾಲದಾ? ನೋಡ್ತಿರಿ ಡಾಕ್ಟ್ರಮ್ಮ."

ಇನ್ನೊಂದು ಟಗರು ಇದ್ದದ್ದು ಬೇಲಿಯಾಚೆ. ಬೇಲಿಯಾಚೆಯ ಹೊಲದವರು ಮಾವನ ವಾರಿಗೆಯವರು. ಒಟ್ಟಿಗೆ ಆಡಿ ಬೆಳೆದವರು, ಈಗ ಮಾತಿಲ್ಲ. ಕೆಲವು ವರ್ಷದ ಹಿಂದೆ ಅವರು ತಮ್ಮ ಕುರಿಗಳಿಗೆ ನಮ್ಮ ಟಗರನ್ನು ಕೇಳಿದ್ದರಂತೆ. "ನನ್ ಟಗರು ಕಂಡ್ ಕಂಡ್ ಕುರಿ ತಾವ ಓಗಾಕಿಲ್ಲ," ಅಂದುಬಿಟ್ಟಿದ್ದರಂತೆ ಮಾವ. ಅದಕ್ಕೆ ಆ ಪಕ್ಕದವರು ಉಯ್ಯಂಬಳ್ಳಿ ಕಡೆಯಿಂದ ಒಂದು ಕರಿ ಟಗರು ಹೊಡೆದುಕೊಂಡು ಬಂದರು. ಹಣೆಯಲ್ಲಿ ಬಿಳಿ ಬೊಟ್ಟು, ಒರಟು ಕೂದಲು, ಕಂಡ ಬೇಲಿಯನ್ನೆಲ್ಲ ಗುಮ್ಮುವ ಬುದ್ಧಿ. ಅವತ್ತಿನಿಂದ ಇಬ್ಬರೂ ಎದುರಿಗೆ ಸಿಕ್ಕರೆ ಕೆಮ್ಮುತ್ತಿದ್ದರು, ಅಷ್ಟೇ.

ಸೂಜಿ ಚುಚ್ಚಿದ ಮಾರನೇ ದಿನ ಸಂಜೆಯಿಂದಲೇ ರೊಪ್ಪದಲ್ಲಿ ಗುಸುಗುಸು ಶುರುವಾಯಿತು. ಅದರ ಮಾರನೇ ದಿನ ಬೆಳಿಗ್ಗೆ ಮಾವ ಟಗರಿಗೆ ಸ್ನಾನ ಮಾಡಿಸಿ, ಹಣೆಗೆ ಕುಂಕುಮ ಇಟ್ಟು, ಗೆಜ್ಜೆ ಉಜ್ಜಿ ಒಳಗೆ ಬಿಟ್ಟರು. ಟಗರು ಎದೆ ಉಬ್ಬಿಸಿಕೊಂಡು ಮದುವೆ ಗಂಡಿನ ಹಾಗೇ ಹೋಯಿತು.

ಅಲ್ಲಿವರೆಗೆ ಅದು ನೋಡಿದ್ದು ಕುರಿಗಳು ಓಡುವುದನ್ನು. ಅವತ್ತು ಅವು ಓಡಲಿಲ್ಲ. ಬಾಲ ಅಲ್ಲಾಡಿಸುತ್ತಾ ಎಲ್ಲವೂ ಒಟ್ಟಿಗೆ ಅದರ ಕಡೆಗೇ ನುಗ್ಗಿದವು. ಒಂದು ಪಕ್ಕೆಗೆ ಉಜ್ಜಿದರೆ ಇನ್ನೊಂದು ಮೂತಿಗೆ ಮೂತಿ ಕೊಟ್ಟು ನಿಲ್ಲುತ್ತಿತ್ತು, ಹಿಂದಿನಿಂದ ಮತ್ತೊಂದು ತಳ್ಳುತ್ತಿತ್ತು. ಟಗರು ಬೆಳಗ್ಗೆಯೆಲ್ಲ ಮಾವನ ಮರ್ಯಾದೆ ಉಳಿಸಿತು. ಹೊತ್ತು ನೆತ್ತಿಗೆ ಬಂದಾಗ ಹುಲ್ಲಿನ ಮೆದೆಯ ನೆರಳಿಗೆ ಹೋಗಿ ಮಲಗಿತು. ಕುರಿಗಳು ಅಲ್ಲಿಗೂ ಹೋದವು. ಅಲ್ಲಿಂದ ಎದ್ದು ಗಾಡಿಯ ಕೆಳಗೆ ನುಸುಳಿತು. ಅಲ್ಲಿಗೂ ಹೋದವು. ಊಟದ ಹೊತ್ತಿಗೆ ನಾನು ಕೈ ತೊಳೆಯಲು ಹೋದರೆ, ಟಗರು ಬಚ್ಚಲುಮನೆಯಲ್ಲಿ ಹಂಡೆಯ ಹಿಂದೆ ನಿಂತಿತ್ತು. ನನ್ನನ್ನು ನೋಡಿ ಗೆಜ್ಜೆ ಅಲ್ಲಾಡದ ಹಾಗೆ ಇನ್ನೂ ಮೂಲೆಗೆ ಸರಿಯಿತು.

ಮಾವ ಬಾಗಿಲಲ್ಲಿ ನಿಂತು ಹುರುಳಿ ತೋರಿಸಿದರು, ಬೆಲ್ಲದ ನೀರು ಇಟ್ಟರು. ಅದು ಎರಡನ್ನೂ ಮುಗಿಸಿ ಅಲ್ಲೇ ನಿಂತಿತು.

"ಬಾರಪ್ಪ, ಬಾ ಮಗ. ನನ್ ಮಾನ ಕಳೀಬ್ಯಾಡ," ಎಂದು ಮಾವ ಬೇಡಿಕೊಂಡರು.

"ಅದ್ರ ಕಷ್ಟ ಅದ್ಕೆ ಗೊತ್ತು. ಸುಮ್ನೆ ಯಾಕ್ ಅದ್ರ ಜೀವ ತಗೀತೀರಿ?" ಎಂದರು ಅತ್ತೆ.

ಮಾವ ಟವಲ್ ಹೆಗಲಿಗೆ ಹಾಕಿಕೊಂಡು, ಟಗರಿಗೆ ಶಕ್ತಿಯ ಟಾನಿಕ್ ತರುತ್ತೇನೆ ಅಂತ ಸಾತನೂರಿಗೆ ಹೊರಟರು. ಅವರು ರಸ್ತೆಯ ತಿರುವು ದಾಟುವವರೆಗೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿನ ಬೇಲಿಗೆ ಹೋದರು. ನಾನು ಮಗಳನ್ನು ಎತ್ತಿಕೊಂಡು ಹಿಂದೆಯೇ ಹೋದೆ.

ಬೇಲಿಯ ಕಂಡಿಗೆ ಅಡ್ಡ ಇಟ್ಟಿದ್ದ ಜಾಲಿ ಮುಳ್ಳನ್ನು ಅತ್ತೆ ಎಳೆಯುತ್ತಿದ್ದರು. ಆಚೆ ಕಡೆ ಪಕ್ಕದ ಹೊಲದವರು ಬೀಡಿ ಸೇದುತ್ತಾ ನಿಂತಿದ್ದರು. ಕುರಿಗಳ ಗಲಾಟೆ ಬೆಳಿಗ್ಗೆಯಿಂದ ಅವರ ಕಿವಿಗೂ ಬಿದ್ದಿತ್ತು.

"ಮುಳ್ಳು ಚುಚ್ಚೀತು, ಬುಡಕ್ಕ, ನಾನ್ ತಗೀತೀನಿ," ಎಂದರು ಅವರು.

"ನೀನೇನ್ ತಗೀಬ್ಯಾಡ. ನಿನ್ ಟಗರು ಎಲ್ಲೈತೆ?"

"ಅಕ್ಕ, ಅಲ್ನೋಡು, ನಿನ್ ಕಾಲ್ತಾವ್ಲೇ ನಿಂತೈತೆ."

ಕರಿ ಟಗರು ಕಂಡಿಯಲ್ಲಿ ತಲೆ ತೂರಿಸಿಕೊಂಡು ಆಗಲೇ ಕಾಯುತ್ತಿತ್ತು. ಮುಳ್ಳು ಸರಿದದ್ದೇ ತಡ ನಮ್ಮ ರೊಪ್ಪಕ್ಕೆ ನುಗ್ಗಿತು. ಕುಂಕುಮವಿಲ್ಲ, ಗೆಜ್ಜೆಯಿಲ್ಲ, ಯಾವ ಶಾಸ್ತ್ರವೂ ಇಲ್ಲ. ಬಿಸಿಲು ಇಳಿಯುವ ಹೊತ್ತಿಗೆ ನಮ್ಮ ಕುರಿಗಳು ಒಂದೊಂದೇ ಮೆಲುಕು ಹಾಕಲು ಕೂತವು. ಪಕ್ಕದವರು ಬಂದು ತಮ್ಮ ಟಗರನ್ನು ಕಿವಿ ಹಿಡಿದು ಕರೆದುಕೊಂಡು ಹೋದರು. ಅತ್ತೆ ಮುಳ್ಳನ್ನು ಇದ್ದ ಹಾಗೇ ಎಳೆದು ಇಟ್ಟು, ಕೈಯ ಗೀರುಗಳಿಗೆ ಅರಿಸಿನ ಹಚ್ಚಿಕೊಳ್ಳುತ್ತಾ ಜಗುಲಿಯಲ್ಲಿ ನನ್ನ ಪಕ್ಕ ಕೂತರು.

"ನೀನು ಬೇಲಿ ತಾವ ಏನೂ ನೋಡ್ಲಿಲ್ಲ ಕಣವ್ವ," ಎಂದರು.

"ಇಲ್ಲ ಅತ್ತೆ, ನಾನೇನೂ ನೋಡ್ಲಿಲ್ಲ."

"ಆಯ್ತು. ನಾನೂ ನಿನ್ ಕನಕಪುರ ನೋಡ್ಲಿಲ್ಲ."

ಅವರ ಮುಖ ನೋಡಿದೆ. ಸಿಟ್ಟಿರಲಿಲ್ಲ. ಅರಿಸಿನದ ಬೆರಳನ್ನು ನನ್ನ ಮಗಳ ಮೂಗಿಗೆ ಒತ್ತಿ ನಗಿಸುತ್ತಿದ್ದರು.

"ನಂಗೆ ಹೇಳ್ಬೌದಿತ್ತು," ಎಂದರು ಸ್ವಲ್ಪ ಹೊತ್ತಿನ ಮೇಲೆ.

"ನೀವು ಬೇಡ ಅಂತೀರಿ ಅಂತ."

"ಅಂತಿದ್ದೆ. ಬ್ಯಾಡ ಅಂದು, ಮೂರ್ ದಿನ ಮಾತು ಬುಟ್ಟು, ಆಮ್ಯಾಲೆ ಸುಮ್ನಾಗ್ತಿದ್ದೆ." ಅವರು ರೊಪ್ಪದ ಕಡೆ ನೋಡಿದರು. "ನಂಗೆ ಮೊದಲ್ನೇದು ಎದೆ ಬುಡೋಕೆ ಮುಂಚೆ ಎರಡ್ನೇದು. ಅದು ನಡಿಯೋಕೆ ಮುಂಚೆ ಮೂರ್ನೇದು. ಹೊಲ, ಹುಳ, ಕುರಿ ಎಲ್ಲ ಮಾಡ್ಕಂಡೇ ಹೆತ್ತೆ. ಕುರಿಗಾದ್ರೂ ಡಾಕ್ಟ್ರಮ್ಮ ಒಂದು ದಾರ ಇಟ್ಟವ್ಳೆ. ನನ್ ಕಾಲ್ದಲ್ಲಿ ಎಳ್ಕಳಕೆ ಒಂದು ದಾರ ಇರ್ಲಿಲ್ಲ ಕಣವ್ವ."

ಅತ್ತೆ ಎದ್ದು ಒಲೆ ಹಚ್ಚಲು ಹೋಗುತ್ತಾ ಬಾಗಿಲಲ್ಲಿ ತಿರುಗಿ, "ನಿನ್ ಪಂಜು ಯಾವಾಗ ತಗುಸ್ತೀಯೋ, ಒಸಿ ಮುಂಚೆ ಹೇಳು. ನಾನೂ ಮೆಣಸು ಗಿಣಸು ಹೊಂದುಸ್ಕಬೇಕು," ಎಂದರು. ಒಳಗೆ ಹೋಗಿ ಒಬ್ಬರೇ ನಗುವುದು ಕೇಳಿಸಿತು.

ಮಾವ ಟಾನಿಕ್ ತಂದರು. ಟಗರಿಗೆ ಕುಡಿಸಿದರು. ಮಾರನೇ ದಿನ ಬೆಳಿಗ್ಗೆ ಬಚ್ಚಲುಮನೆಯಿಂದ ಅದು ಅಂಜುತ್ತಾ ಆಚೆ ಬಂದು ನೋಡಿದರೆ, ಕುರಿಗಳಿಗೆ ಅದರ ಕಡೆ ಲಕ್ಷ್ಯವೇ ಇರಲಿಲ್ಲ. ಎಲ್ಲ ತಣ್ಣಗೆ ಮೇಯುತ್ತಿದ್ದವು. "ನೋಡ್ದಾ, ನಾನ್ ಬರೋದ್ರೊಳಗೆ ಎಲ್ಲ ಮುಗ್ಸಿ ಮಲ್ಗಿತ್ತು," ಎಂದು ಮಾವ ಊರೆಲ್ಲ ಹೇಳಿಕೊಂಡು ಬಂದರು. ಡಾಕ್ಟರಮ್ಮನಿಗೂ ಫೋನು ಮಾಡಿ, ಒಂದೇ ಸಾಕಾಯ್ತು ಅಂದರು. ನಾನೂ ಅತ್ತೆಯೂ ಸೊಪ್ಪು ಬಿಡಿಸುತ್ತಾ ತಲೆ ಎತ್ತಲಿಲ್ಲ.

ಐದು ತಿಂಗಳು ಕಳೆಯಿತು. ಕುರಿಗಳ ಹೊಟ್ಟೆ ದುಂಡಗಾಯಿತು. ಒಂದೆರಡಕ್ಕೆ ಗಬ್ಬ ನಿಲ್ಲಲಿಲ್ಲ, ಮಿಕ್ಕವಕ್ಕೆಲ್ಲ ನಿಂತಿತು. ಆಮೇಲೆ ಆ ವಾರ ಬಂತು. ಬೆಳಿಗ್ಗೆ ಎದ್ದರೆ ಎರಡು ಮರಿ, ಕಾಫಿ ಕುಡಿಯುವಷ್ಟರಲ್ಲಿ ಮತ್ತೊಂದು. ಒಂದಕ್ಕೆ ಅವಳಿ, ಇನ್ನೊಂದಕ್ಕೆ ಕಾಲು ಮುಂದೆ ಬಂದು ತಲೆ ಬಾರದೆ ಡಾಕ್ಟರಮ್ಮ ಓಡಿ ಬರಬೇಕಾಯಿತು. ಮನೆಯಲ್ಲಿದ್ದ ಹಳೇ ಪಂಚೆ, ಹಳೇ ಸೀರೆ ಎಲ್ಲ ಮರಿ ಒರೆಸುವುದಕ್ಕೇ ಹೋದವು. ಯಜಮಾನರು ರೇಷ್ಮೆ ಗೂಡು ಮಾರಲು ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದವರು, ಯಾಕೆ ಇಷ್ಟು ಬೇಗ ಮುಗಿಯಿತೋ ಅಂತ ಬೇಜಾರಾಗಿಯೇ ವಾಪಸ್ ಬಂದರು. ನಾನು ಸೀರೆ ಎತ್ತಿ ಕಟ್ಟಿ, ಹಿಕ್ಕೆ ಬಳಿದು, ಹಾಲು ಕಾಣದ ಮರಿಗಳ ಬಾಯಿಗೆ ಬಾಟಲಿ ಹಿಡಿದೆ. ಚನ್ನಪಟ್ಟಣದಿಂದ ನೋಡಲು ಬಂದ ನಮ್ಮಮ್ಮ ವಾಸನೆಗೆ ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡರು.

ಮಾವ ಮಾತ್ರ ಒಂದೊಂದು ಮರಿಯನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮೊದಲು ಬಂದವು ಬಿಳಿ. ಮಾವ ಮೀಸೆ ತಿರುವಿದರು. ಆಮೇಲೆ ಒಂದು ಬಂತು, ಬೆನ್ನ ಮೇಲೆ ಕರಿ ಮಚ್ಚೆ. ಅದರ ಹಿಂದೆ ಬಂದದ್ದು ಅರ್ಧ ಕರಿ. ಅದರಾಚೆಯದು ಪೂರ್ತಿ ಕರಿ, ಹಣೆಯಲ್ಲಿ ಬಿಳಿ ಬೊಟ್ಟು.

ಮಾವ ಆ ಮರಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮ ಬಿಳಿ ಟಗರನ್ನು ನೋಡಿದರು. ಟಗರು ಬೇರೆ ಕಡೆ ನೋಡಿತು.

"ದೃಷ್ಟಿ ಆಗ್ದೇ ಇರ್ಲಿ ಅಂತ ದೇವ್ರೇ ಕರಿ ಬಳ್ದವ್ನೆ," ಎಂದರು ಮಾವ, ಯಾರೂ ಕೇಳದಿದ್ದರೂ.

"ಊಂ, ಒಸಿ ಜಾಸ್ತಿನೇ ಬಳ್ದವ್ನೆ," ಎಂದರು ಅತ್ತೆ.

ಆ ವಾರದ ಕೊನೆಗೆ ಪಕ್ಕದ ಹೊಲದವರು ನಮ್ಮ ಮುಂಬಾಗಿಲಿಗೇ ಬಂದರು. ಒಗೆದ ಬಿಳಿ ಪಂಚೆ, ಹೆಗಲ ಮೇಲೆ ಟವಲ್, ತಲೆಯ ಮೇಲೆ ಒಂದು ಹೊರೆ ಹಸಿರು ಜೋಳದ ಕಡ್ಡಿ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬೆಲ್ಲ, ಅರಿಸಿನ, ಕುಂಕುಮ. ಇಷ್ಟು ವರ್ಷ ಕೆಮ್ಮು ಬಿಟ್ಟು ಬೇರೇನೂ ಕೊಡದಿದ್ದವರು ಹೊರೆ ಇಳಿಸಿ ಕೈಮುಗಿದರು.

"ಬೀಗ್ರೇ, ಬಾಣಂತೀರ್ನ ನೋಡ್ಕಂಡ್ ಹೋಗನಾ ಅಂತ ಬಂದೆ," ಎಂದರು.

ಮಾವನ ಮುಖ ಮೊದಲು ಕೆಂಪಾಯಿತು. "ಯಾರ್ಲಾ ನಿಂಗೆ ಬೀಗ?"

"ನಮ್ಮುಡುಗ ನಿಮ್ಮನೆ ಹೆಣ್ಮಕ್ಕಳ್ನ ಮದ್ವೆ ಆದ್ಮ್ಯಾಲೆ ನೀನು ನಂಗೆ ಬೀಗನೇ ಅಲ್ವೇನ್ಲಾ? ಮೊಮ್ಮಕ್ಕಳ ಮಖ ನೋಡು. ಹಣೆ ಬೊಟ್ಟು ಸಮೇತ ಬಂದವೆ."

"ನಿನ್ ಟಗರು ನನ್ ಬೇಲಿ ಹಾರೈತೆ. ಪಂಚಾಯ್ತಿ ಸೇರುಸ್ತೀನಿ."

"ಹಾರ್ಲಿಲ್ಲ ಕಣ್ಲಾ. ಬಾಗ್ಲು ತೆಗ್ದಿತ್ತು."

"ಯಾರ್ ತಗ್ದಿದ್ದು?"

ಪಕ್ಕದವರು ಅತ್ತೆಯನ್ನು ನೋಡಿದರು. ಅತ್ತೆ ನನ್ನನ್ನು ನೋಡಿದರು.

"ಅವತ್ತು ಗಾಳಿ ಜೋರಾಗಿತ್ತು ಮಾವ," ಎಂದೆ ನಾನು. "ಮುಳ್ಳು ಹಾರಿಹೋಗಿತ್ತೇನೋ."

ಆ ದಿನ ಎಲೆ ಅಲ್ಲಾಡುವಷ್ಟು ಗಾಳಿಯೂ ಇರಲಿಲ್ಲ. ಮಾವ ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು, ಆಮೇಲೆ ಬೀಗರ ಮುಖ ನೋಡಿದರು. ಮೂವರೂ ತುಟಿ ಕಚ್ಚಿಕೊಂಡಿದ್ದೆವು. ಮಾವನಿಗೆ ಎಲ್ಲ ಅರ್ಥವಾಯಿತು. ಆಮೇಲೆ ಅವರ ಹೊಟ್ಟೆ ಮೊದಲು ಕುಲುಕಿತು, ಭುಜ ಕುಲುಕಿತು, ಕೊನೆಗೆ ಮೀಸೆಯೂ ಸೋತಿತು.

"ಬಚ್ಲಲ್ಲಿ ನಿಂತಿತ್ತು ಕಣ್ಲಾ ಬಡ್ಡೀಮಗಂದು," ಎಂದು ನಗುತ್ತಲೇ ಹೇಳಿದರು. "ಹಂಡೆ ಹಿಂದ್ಗಡೆ! ಹುರುಳಿ ತಿಂದು ತಿಂದು ಬಚ್ಲಲ್ಲಿ!"

"ನಿಂತ್ಕಳ್ದೆ ಇನ್ನೇನ್ ಮಾಡದು ಪಾಪ, ಅಷ್ಟ್ ಜನ ಒಂದೇ ಸಲ ಬಂದ್ರೆ? ನಮ್ ಹುಡುಗಂಗೂ ಎರಡ್ ದಿನ ಕಾಲು ನಡುಗ್ತಿತ್ತು."

ಅತ್ತೆ ಒಳಗೆ ಹೋಗಿ ಇಬ್ಬರಿಗೂ ಕಾಫಿ ತಂದರು. ಬೀಗರಿಗೆ ಮಾತ್ರ ದೊಡ್ಡ ಲೋಟ.

ಮರಿಗಳು ಈಗ ಬೆಳೆದಿವೆ. ಎಲ್ಲ ಒಂದೇ ವಯಸ್ಸು, ಒಂದೇ ಎತ್ತರ, ಮಾವ ಬಯಸಿದ ಹಾಗೇ. ಬಿಳಿ, ಕರಿ, ಮಚ್ಚೆ ಎಲ್ಲ ಕಲಸಿಕೊಂಡು ಓಡುತ್ತವೆ. ಇಬ್ಬರೂ ಒಟ್ಟಿಗೇ ಮೇಯಿಸಲು ಹೋಗುತ್ತಾರೆ. ದಾರಿಯುದ್ದಕ್ಕೂ ಯಾವ ಮರಿಗೆ ಯಾರ ಗುಣ ಬಂದಿದೆ ಅಂತ ಜಗಳವಾಡುತ್ತಾರೆ. ಚೆನ್ನಾಗಿ ಮೇಯುವುದೆಲ್ಲ ನನ್ನ ಕಡೆಯದು, ಬೇಲಿ ನುಗ್ಗುವುದೆಲ್ಲ ನಿನ್ನ ಕಡೆಯದು ಎಂದು ಮಾವನ ವಾದ. ಮೊನ್ನೆ ನಾನೂ ಮಗಳೂ ಸಾತನೂರಿನಿಂದ ಬರುವಾಗ ನಮ್ಮ ಬಸ್ಸು ರಸ್ತೆ ಮಧ್ಯೆ ನಿಂತುಬಿಟ್ಟಿತು. ಮುಂದೆ ರಸ್ತೆ ತುಂಬ ಅವೇ ಮರಿಗಳು. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು, "ಯಾರ್ದ್ರೀ ಇವು ಕುರಿ?" ಎಂದು ಕೂಗಿದರು.

"ನಂದು!" ಎಂದು ರಸ್ತೆಯ ಈ ಬದಿಯಿಂದ ಮಾವ ಕೂಗಿದರು.

"ನಂದು!" ಎಂದು ಆ ಬದಿಯಿಂದ ಬೀಗರು ಕೂಗಿದರು.

ಅಷ್ಟು ಸಾಕಾಯಿತು. ಇಬ್ಬರೂ ಮರಿಗಳನ್ನು ಅಲ್ಲೇ ಬಿಟ್ಟು ರಸ್ತೆಯ ನಡುವೆ ಬಂದು ಕೋಲು ಆಡಿಸುತ್ತಾ ವಾದಕ್ಕೆ ನಿಂತರು. ಡ್ರೈವರ್ ಇಂಜಿನ್ ಆಫ್ ಮಾಡಿ ಬೀಡಿ ಹಚ್ಚಿದರು. ನಾನು ಮಗಳನ್ನು ಕಿಟಕಿಗೆ ಎತ್ತಿ ಹಿಡಿದು ತೋರಿಸಿದೆ. ಅವಳು ಎರಡೂ ಕೈ ಚಾಚಿ, ಮರಿಗಳ ಹಾಗೇ ಒದರಿ ತಾತನನ್ನು ಕರೆದಳು.